ಬೆಂಕಿ ರೇಖೆಯಿಂದ ಬೂದಿ ಕಾವಲಿನವರೆಗೆ: ಎಲೆ ಉದುರುವ ಕಾಡಿನಲ್ಲಿ ಕಾಳ್ಗಿಚ್ಚಿನ ಕೆಲಸ

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಭದ್ರಾ. ಇಲ್ಲಿನ ಎಲೆ ಉದುರುವ ಕಾಡುಗಳಲ್ಲಿ ಗಸ್ತು ಅರಣ್ಯ ಪಾಲಕರು, ಅರಣ್ಯ ವೀಕ್ಷಕರು ಮತ್ತು ಹಂಗಾಮಿ ಫೈರ್ ವಾಚರ್‌ಗಳು ವರ್ಷವಿಡೀ ಮಾಡುವ ಕೆಲಸಗಳಲ್ಲಿ ಮೈಗೂ ಮನಸ್ಸಿಗೂ ಅತಿ ಭಾರವಾದದ್ದು ಬೆಂಕಿಯ ಕೆಲಸ. ಮಾರ್ಚಿನ ಉರಿಬಿಸಿಲಿನಲ್ಲಿ ಬೆಂಕಿ ಬಡಿಯಲು ಸೊಪ್ಪು ಹಿಡಿದು ಓಡುವವರ ಸೋಲು ಗೆಲುವು ಬಹುಪಾಲು ಡಿಸೆಂಬರಿನಲ್ಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ಈ ಮಾರ್ಗದರ್ಶಿಯ ದೊಡ್ಡ ಪಾಲು ಬೆಂಕಿ ರೇಖೆಗೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತರಗು ತೆಗೆದು ಬೋಳು ಮಾಡುವ ಪಟ್ಟಿಯಾದ ಫೈರ್ ಲೈನಿಗೆ, ಮೀಸಲು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ, ಬೇಸಿಗೆಯಲ್ಲಿ ಇಲಾಖೆಯ ಜೊತೆ ನಿಲ್ಲುವ ಊರಿನವರಿಗೂ, ಸ್ವಯಂಸೇವಕರಿಗೂ ಇದು ಉಪಯೋಗಕ್ಕೆ ಬರಬೇಕು.

ಮೊದಲೇ ಒಂದು ಮಾತು. ಕಾಡಿನೊಳಗೆ ಬೆಂಕಿ ಹಚ್ಚುವುದು, ರೇಖೆ ಸುಡುವುದಕ್ಕಾಗಿಯೇ ಆದರೂ, ವಲಯ ಅರಣ್ಯಾಧಿಕಾರಿಯ ಆದೇಶದ ಮೇಲೆ, ಇಲಾಖೆಯ ಸಿಬ್ಬಂದಿ ಎದುರಿಗಿದ್ದಾಗ ಮಾತ್ರ ನಡೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ, ಉರಿಯುವ ಬೆಂಕಿಯನ್ನು ಹಾಗೇ ಬಿಟ್ಟು ಹೋಗುವುದನ್ನೂ ನಿಷೇಧಿಸುತ್ತದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿ ಇಡುವುದೂ ಅಪರಾಧ.

ಕಾಡು ಯಾಕೆ ಹೊತ್ತುತ್ತದೆ

ನಮ್ಮ ಒಣ ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಬಿದಿರು ಬಿದಿರು ತಿಕ್ಕಿ ಕಿಡಿ ಹಾರಿತು ಎಂಬ ವಿವರಣೆಯನ್ನು ವರದಿಯಲ್ಲಿ ಬರೆಯುವ ಮುನ್ನ ಹತ್ತು ಸಲ ಯೋಚಿಸಬೇಕು. ಎಳೆ ಹುಲ್ಲು ಬರಲೆಂದು ದನ ಮೇಯಿಸುವವರು ಹಚ್ಚಿದ್ದು, ಜೇನು ಇಳಿಸಲು ಮಾಡಿದ ಹೊಗೆ, ಉದುರಿದ ಜಿಂಕೆ ಕೊಂಬು ಕಾಣಲೆಂದು ಹುಲ್ಲು ಸುಟ್ಟದ್ದು, ಹೆದ್ದಾರಿಯಲ್ಲಿ ಎಸೆದ ಬೀಡಿ, ರಸ್ತೆ ಬದಿಯ ಅಡುಗೆ ಒಲೆ, ಜಮೀನಿನ ಕಸಕ್ಕೆ ಇಟ್ಟ ಬೆಂಕಿ, ಇಲಾಖೆಯ ಮೇಲಿನ ಹಗೆ. ಕಾರಣಗಳ ಪಟ್ಟಿ ಹೆಚ್ಚು ಕಡಿಮೆ ಇಷ್ಟೇ. ಒಣಗಿದ ಆನೆ ಲದ್ದಿಗೆ ಕಿಡಿ ತಾಗಿಸಿ ಹೋದರೆ ಅದು ಗಂಟೆಗಟ್ಟಲೆ ಒಳಗೊಳಗೇ ಕನಲುತ್ತದೆ. ಹಚ್ಚಿದವರು ಊರು ಸೇರಿ ಎಷ್ಟೋ ಹೊತ್ತಾದ ಮೇಲೆ ಹುಲ್ಲಿಗೆ ಹತ್ತುತ್ತದೆ.

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಉರಿದ ಬೆಂಕಿ, ಉಪಗ್ರಹ ಚಿತ್ರಗಳ ಲೆಕ್ಕದಲ್ಲೇ, 10,000 ಎಕರೆಗೂ ಹೆಚ್ಚು ಕಾಡನ್ನು ನುಂಗಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಹಿಂದಿನ ಮಳೆಗಾಲ ಚೆನ್ನಾಗಿದ್ದುದರಿಂದ ಹುಲ್ಲು ಹುಲುಸಾಗಿ ಬೆಳೆದು ಒಣಗಿತ್ತು, ಮರಗಳ ಕೆಳಗೆಲ್ಲ ಲಂಟಾನ ಎಂಬ ಕಳೆಪೊದೆ ಹೆಣೆದುಕೊಂಡಿತ್ತು, ಜೊತೆಗೆ ಒಣ ಗಾಳಿ. ಒಳ್ಳೆಯ ಮಳೆಯ ಮರುವರ್ಷ ಬೆಂಕಿಯ ಭಯ ಕಡಿಮೆ ಎಂದು ಎಣಿಸುವುದು ದೊಡ್ಡ ತಪ್ಪು. ಮಳೆ ಚೆನ್ನಾಗಿ ಆದ ವರ್ಷವೇ ಉರಿಯಲು ಸೌದೆ ಹೆಚ್ಚು.

ರೇಖೆ ಎಲ್ಲಿ ಹಾಯಬೇಕು

ಅಕ್ಟೋಬರ್ ಕೊನೆಗೆ ಬೀಟಿನ, ಅಂದರೆ ಒಬ್ಬ ಗಸ್ತು ಪಾಲಕರ ಕಾವಲಿನ ಪ್ರದೇಶದ, ನಕ್ಷೆ ಹರಡಿಕೊಂಡು ಕೂರಬೇಕು. ಊರಿಗೆ ತಾಗಿದ ಗಡಿ, ದನ ನುಗ್ಗುವ ಹಾದಿ, ಹೆದ್ದಾರಿ, ವಿದ್ಯುತ್ ತಂತಿಯ ಕೆಳಗಿನ ಜಾಗ, ಜಾತ್ರೆಗೆ ಜನ ನಡೆಯುವ ದಾರಿ ಮತ್ತು ಹಿಂದಿನ ಮೂರು ವರ್ಷ ಬೆಂಕಿ ಬಿದ್ದ ಜಾಗಗಳನ್ನು ಕೆಂಪು ಪೆನ್ಸಿಲಿನಲ್ಲಿ ಗುರುತಿಸಿ. ಕೆರೆ, ನೀರಿರುವ ಹಳ್ಳ, ಹಡ್ಲು (ಜೌಗು ಹುಲ್ಲುಬಯಲು), ಬಂಡೆ ಹಾಸು, ಜೀಪ್ ರಸ್ತೆಗಳಿಗೆ ನೀಲಿ. ನೀಲಿಯಿಂದ ನೀಲಿಗೆ ಗೆರೆ ಎಳೆದರೆ ನಿಮ್ಮ ರೇಖೆಗಳ ಅರ್ಧ ನಕ್ಷೆ ಸಿದ್ಧ. ಮೈಸೂರು–ಊಟಿ ಮತ್ತು ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ ಹೆದ್ದಾರಿಗಳಂಥ ಕಡೆ ರಸ್ತೆಯ ಎರಡೂ ಬದಿಗೆ ರೇಖೆ ಬೇಕೇ ಬೇಕು. ಅಲ್ಲಿ ಕಿಡಿ ಎರಡು ಕಡೆಗೂ ಬೀಳುತ್ತದೆ.

ಬೆಟ್ಟದಲ್ಲಿ ರೇಖೆಯನ್ನು ಇಳಿಜಾರಿನ ನಡುವೆ ಎಳೆಯಬೇಡಿ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಮೇಲಕ್ಕೇರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ನಡು ಇಳಿಜಾರಿನ ರೇಖೆಗೆ ಅದು ತಲುಪುವಾಗ ಪೂರ್ತಿ ರಭಸದಲ್ಲಿರುತ್ತದೆ. ಏಣನ್ನು, ಅಂದರೆ ಬೆಟ್ಟದ ನೆತ್ತಿಯ ಸಾಲನ್ನು, ದಾಟಿ ಆಚೆ ಮಗ್ಗುಲಿಗೆ ಕೆಲವು ಮೀಟರ್ ಇಳಿದು ರೇಖೆ ಹಾಯಿಸಿದರೆ ಬೆಂಕಿ ಏಣಿನ ಮೇಲೆ ತಲುಪಿ ಕುಗ್ಗಿದ ಹೊತ್ತಿನಲ್ಲಿ ಸಿಗುತ್ತದೆ. ನಡು ಇಳಿಜಾರಿನಲ್ಲಿ ಎಳೆಯಲೇಬೇಕಾದ ಕಡೆ ರೇಖೆಯ ಕೆಳ ಅಂಚಿಗೆ ಒಂದಡಿ ಆಳದ ಕಾಲುವೆ ತೋಡಿ, ತೆಗೆದ ಮಣ್ಣನ್ನು ಇಳುಕಲಿನ ಕಡೆಗೆ ದಿಂಡಿನಂತೆ ಹಾಕಿ. ಮೇಲಿಂದ ಉರುಳಿ ಬರುವ ಕೊಳ್ಳಿ, ಉರಿಯುವ ಬಿದಿರಿನ ತುಂಡು, ನೆಲ್ಲಿಕಾಯಿ ಗಾತ್ರದ ಕೆಂಡ ಎಲ್ಲವೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ರೇಖೆ ಚೂಪಾಗಿ ತಿರುಗುವ ಮೂಲೆಗಳಲ್ಲಿ ಬೆಂಕಿ ಎರಡು ಮಗ್ಗುಲಿಂದ ಒತ್ತುತ್ತದೆ, ಹಾಗಾಗಿ ಬಾಗು ನಿಧಾನವಾಗಿರಲಿ.

ಎಷ್ಟು ಅಗಲ? ಏಳಬಹುದಾದ ಜ್ವಾಲೆಯ ಎತ್ತರದ ಎರಡರಿಂದ ಮೂರು ಪಟ್ಟು ಎಂಬುದು ಒಳ್ಳೆಯ ಅಂದಾಜು. ಬರಿಯ ತರಗೆಲೆ ಇರುವ ತೇಗದ ನೆಡುತೋಪಿನಲ್ಲಿ 3ರಿಂದ 5 ಮೀಟರ್ ಸಾಕಾಗಬಹುದು. ಸೊಂಟದೆತ್ತರದ ಹುಲ್ಲಿದ್ದರೆ 6ರಿಂದ 8, ಲಂಟಾನ ಮತ್ತು ಒಣ ಬಿದಿರ ಮೆಳೆ ಇದ್ದರೆ 10 ಮೀಟರಿಗಿಂತ ಕಡಿಮೆ ಇರಬಾರದು. ಗಡಿ ಮತ್ತು ಹೆದ್ದಾರಿಯಲ್ಲಿ 15ರಿಂದ 30 ಮೀಟರಿನವರೆಗೆ ಹೋಗುವುದೂ ಉಂಟು. ಕೂಲಿ ಲೆಕ್ಕಕ್ಕೆ ನೆನಪಿಡಿ: 10 ಮೀಟರ್ ಅಗಲದ ರೇಖೆ ಒಂದು ಕಿಲೋಮೀಟರ್ ಉದ್ದವಿದ್ದರೆ ಸರಿಯಾಗಿ ಒಂದು ಹೆಕ್ಟೇರ್, ಸುಮಾರು ಎರಡೂವರೆ ಎಕರೆ. ಕಾಗದದ ಮೇಲೆ ಅಗಲ ಬರೆದು ನೆಲದ ಮೇಲೆ ಅರ್ಧ ಕಡಿದರೆ ಮೋಸ ಹೋಗುವುದು ಕಾಡೇ.

ಕಡಿಯುವುದು

ಹುಲ್ಲಿನ ತುದಿ ಹಳದಿಯಾಗಿ ಬುಡ ಇನ್ನೂ ಹಸಿರಿರುವಾಗ ಕೆಲಸ ಶುರುವಾಗಬೇಕು. ಸಾಮಾನ್ಯವಾಗಿ ಅದು ನವೆಂಬರ್ ಎರಡನೇ ಪಾಲು. ಇನ್ನೂ ಬೇಗ ಕಡಿದರೆ ಹಿಂಗಾರಿನ ಒಂದು ಮಳೆಗೆ ಮತ್ತೆ ಚಿಗುರಿ ನಿಲ್ಲುತ್ತದೆ. ಜನವರಿಗೆ ಬಿಟ್ಟರೆ ಸುಡಲು ಸುರಕ್ಷಿತ ದಿನಗಳೇ ಉಳಿಯುವುದಿಲ್ಲ.

ಮೊದಲು ಅಂಚಿನ ಎರಡೂ ಕಡೆ ದಾರ ಹಿಡಿದು ಸುಣ್ಣ ಅಥವಾ ಬಟ್ಟೆಚೂರಿನಿಂದ ಗುರುತು ಹಾಕಿ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ರೇಖೆ ತಾನಾಗಿ ಕಿರಿದಾಗುತ್ತದೆ. ನಂತರ ಮಚ್ಚಿನವರು ಪೊದೆ ಮತ್ತು ಲಂಟಾನ ತೆಗೆಯುತ್ತ ಮುಂದೆ ಹೋಗಲಿ, ಅವರ ಹಿಂದೆ ಕುಡುಗೋಲು ಅಥವಾ ಹುಲ್ಲು ಕತ್ತರಿಸುವ ಯಂತ್ರವಾದ ಬ್ರಷ್‌ಕಟರ್. ಬ್ರಷ್‌ಕಟರ್ ತಿರುಗುವಾಗ 15 ಮೀಟರ್ ಒಳಗೆ ಬೇರೆ ಯಾರೂ ಇರಬಾರದು. ಬ್ಲೇಡಿಗೆ ಸಿಕ್ಕ ಕಲ್ಲು ಕಣ್ಣು ತೆಗೆಯುತ್ತದೆ. ಪೆಟ್ರೋಲಿಗೆ 2ಟಿ ಎಣ್ಣೆ ಬೆರೆಸುವ ಪ್ರಮಾಣವನ್ನು ಯಂತ್ರದ ಮೇಲೆ ಬರೆದಿರುತ್ತಾರೆ, ಅದನ್ನೇ ಪಾಲಿಸಿ. ಕಣ್ಣಂದಾಜಿನಲ್ಲಿ ಸುರಿದ ಎಣ್ಣೆಯಿಂದಲೇ ಅರ್ಧ ಯಂತ್ರಗಳು ಜನವರಿಗೆ ಮೊದಲೇ ಮೂಲೆ ಸೇರುತ್ತವೆ. ಎಂಜಿನ್ ತಣ್ಣಗಾಗುವ ಮೊದಲು ಇಂಧನ ತುಂಬುವಂತಿಲ್ಲ, ತುಂಬುವುದೂ ಹುಲ್ಲಿನ ಮೇಲಲ್ಲ, ಬರಿಯ ಮಣ್ಣಿನ ಮೇಲೆ.

ಲಂಟಾನವನ್ನು ಬುಡ ಬಿಟ್ಟು ಕತ್ತರಿಸಿದರೆ ಮಳೆಗೆ ಮತ್ತಷ್ಟು ಕೊಂಬೆಯೊಡೆದು ಏಳುತ್ತದೆ. ರೇಖೆಯೊಳಗಿನದ್ದನ್ನಾದರೂ ಹಾರೆ ಹಾಕಿ, ಬೇರು ಕಾಂಡ ಸೇರುವ ಜಾಗದ ಕೆಳಗೆ ತುಂಡರಿಸಿ ಕಿತ್ತು, ಬೇರನ್ನು ಮೇಲೆ ಮಾಡಿ ಒಣಗಲು ಹಾಕಿ. ಅಂಚಿನಿಂದ ಹೊರಗೆ ಇನ್ನೂ ಮೂರು ನಾಲ್ಕು ಮೀಟರ್‌ವರೆಗೆ ಮರಕ್ಕೆ ಹಬ್ಬಿದ ಲಂಟಾನವನ್ನು ಬಿಡಿಸಿದರೆ ಬಹಳ ಒಳ್ಳೆಯದು. ನೆಲದ ಬೆಂಕಿ ಆ ಬಳ್ಳಿಯನ್ನು ಏಣಿ ಮಾಡಿಕೊಂಡು ಮರದ ತಲೆಗೆ ಏರುತ್ತದೆ.

ಒಣಗಿ ನಿಂತ ಮರಗಳನ್ನು ಲೆಕ್ಕ ಹಾಕದೆ ಬಿಟ್ಟ ರೇಖೆ ಅರೆಬರೆ ರೇಖೆ. ಬೆಂಕಿ ಹತ್ತಿದ ಒಣ ಮರ ಒಂದೋ ತುದಿಯಿಂದ ಕಿಡಿ ತೂರುತ್ತದೆ, ಇಲ್ಲವೇ ರೇಖೆಗೆ ಅಡ್ಡ ಬಿದ್ದು ಸೇತುವೆಯಾಗುತ್ತದೆ. ಹಾಗೆಂದು ಕಂಡದ್ದನ್ನೆಲ್ಲ ಕಡಿಯುವಂತಿಲ್ಲ. ಪೊಟರೆಗಳಲ್ಲಿ ಹಕ್ಕಿ, ಹಾರುವ ಅಳಿಲು, ಜೇನು ಇರುತ್ತವೆ. ಮೇಲಧಿಕಾರಿಯ ಅನುಮತಿಯಿಲ್ಲದೆ ಮರಕ್ಕೆ ಕೊಡಲಿ ಹಾಕಬಾರದು. ಬುಡದ ಸುತ್ತ ಎರಡು ಮೀಟರ್ ಮಣ್ಣು ಕಾಣುವಂತೆ ಕೆರೆದರೆ ಬಹಳಷ್ಟು ಮರಗಳಿಗೆ ಬೆಂಕಿ ಹತ್ತುವುದೇ ಇಲ್ಲ.

ಕಡಿದದ್ದನ್ನು ರೇಖೆಯ ನಡುವಿಗೆ ಎಳೆದು ತೆಳ್ಳಗೆ ಹರಡಿ. ಅಂಚಿಗೆ ದೂಡಿದರೆ ಅಲ್ಲೇ ಸೌದೆಯ ಗೋಡೆ ಎದ್ದ ಹಾಗೆ. ಆಮೇಲೆ ಎರಡೂ ಅಂಚಿಗೆ ಒಂದು ಮೀಟರ್ ಅಗಲದ ಪಟ್ಟಿಯನ್ನು ಗುದ್ದಲಿಯಿಂದ ಬರಿಮಣ್ಣು ಕಾಣುವ ತನಕ ಕೆರೆಯಬೇಕು. ಬೇಸರ ಬರುವ ಕೆಲಸ ನಿಜ. ಆದರೆ ಸುಡುವ ದಿನ ಬೆಂಕಿಯನ್ನು ಒಳಗೆ ಹಿಡಿದಿಡುವುದು ಈ ಒಂದು ಮೀಟರ್ ಮಣ್ಣೇ.

ರೇಖೆ ಸುಡುವುದು

ಕಡಿದ ಹುಲ್ಲು ನಾಲ್ಕರಿಂದ ಏಳು ದಿನ ಒಣಗಲಿ. ಕೈಯಲ್ಲಿ ಹಿಡಿದು ಮುರಿದರೆ ಸದ್ದಾಗಬೇಕು. ಅತ್ತಿತ್ತಲ ಕಾಡು ಇನ್ನೂ ಹಸಿಯಾಗಿದ್ದು, ರೇಖೆಯೊಳಗಿನದ್ದು ಮಾತ್ರ ಒಣಗಿರುವ ಆ ಕೆಲವು ವಾರಗಳೇ ಸುಡುವ ಕಾಲ. ಹೆಚ್ಚಿನ ಕಡೆ ಡಿಸೆಂಬರ್, ತಡವೆಂದರೆ ಜನವರಿ ಮೊದಲ ವಾರ. ನಿತ್ಯಹರಿದ್ವರ್ಣ ಕಾಡಿನಲ್ಲಿ, ಬೆಟ್ಟದ ಮಡಿಲಿನ ಶೋಲಾ ಕಾಡಿನ ಅಂಚಿನಲ್ಲಿ ಈ ವಿಧಾನ ಸಲ್ಲದು. ಅಲ್ಲಿನ ಮರಗಳ ತೊಗಟೆ ತೆಳುವು, ಮೊಣಕಾಲೆತ್ತರದ ಬೆಂಕಿಯೂ ಅವುಗಳನ್ನು ಕೊಲ್ಲುತ್ತದೆ. ಅಂಥ ಕಡೆ ಗುಡಿಸಿದ, ಕೆರೆದ ರೇಖೆ ಮಾತ್ರ ಇರಲಿ.

ಸಂಜೆ ನಾಲ್ಕೂವರೆಯ ನಂತರ, ಬಿಸಿಲು ಇಳಿದು ಗಾಳಿ ತಗ್ಗಿದಾಗ ಆರಂಭಿಸಿ. ಮೊದಲು ಎರಡು ಮೀಟರ್ ಚೌಕದಷ್ಟು ಜಾಗದಲ್ಲಿ ಹಚ್ಚಿ ನೋಡಿ. ಜ್ವಾಲೆ ಮೊಣಕಾಲು ದಾಟಿದರೆ, ಕಿಡಿ ಮಣ್ಣಿನ ಪಟ್ಟಿಯನ್ನು ಹಾರಿದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಲಿ. ಕೂಲಿ ವ್ಯರ್ಥವಾಯಿತೆಂದು ಹಚ್ಚುವುದನ್ನು ಮುಂದುವರಿಸಿದ ದಿನಗಳಲ್ಲೇ ಬೆಂಕಿ ಕೈಮೀರುವುದು.

ಹಚ್ಚುವ ಕ್ರಮ ಹೀಗೆ. ಗಾಳಿ ಯಾವ ಕಡೆಗೆ ಬೀಸುತ್ತಿದೆಯೋ ಆ ಕಡೆಯ ಅಂಚಿನಿಂದ ಹಚ್ಚಿ. ಬೆಂಕಿ ಗಾಳಿಗೆ ಎದುರಾಗಿ ಮೆಲ್ಲಗೆ ತೆವಳುತ್ತದೆ, ಜ್ವಾಲೆ ಗಿಡ್ಡವಾಗಿರುತ್ತದೆ. ಇಳಿಜಾರಿದ್ದರೆ ಮೇಲಿನ ತುದಿಯಿಂದ ಕೆಳಕ್ಕೆ. ಒಂದು ಸಲಕ್ಕೆ 20–30 ಮೀಟರ್ ಉದ್ದ ಮಾತ್ರ, ಅದು ತಣಿಯುವ ತನಕ ಮುಂದಿನ ತುಂಡಿಗೆ ಪಂಜು ಹೋಗಬಾರದು. ಹಚ್ಚುವವರು ಒಬ್ಬರೇ, ಉಳಿದವರೆಲ್ಲ ಕಾಯುವವರು. ಪ್ರತಿ ಹತ್ತು ಮೀಟರಿಗೆ ಒಬ್ಬರು ಮುಖವನ್ನು ಬೆಂಕಿಯ ಕಡೆಗಲ್ಲ, ಹೊರಗಿನ ಕಾಡಿನ ಕಡೆಗೆ ಮಾಡಿ ನಿಲ್ಲಲಿ. ತಪ್ಪಿಸಿಕೊಂಡ ಕಿಡಿ ಬೆನ್ನ ಹಿಂದೆಯೇ ಬೀಳುವುದು. ಉರಿಯುವ ಇಂಧನ ಹನಿಸುವ ಡ್ರಿಪ್ ಟಾರ್ಚ್ ಇದ್ದರೆ ಅದಕ್ಕೆ ಮೂರು ಪಾಲು ಡೀಸೆಲ್, ಒಂದು ಪಾಲು ಪೆಟ್ರೋಲ್. ಬರಿಯ ಪೆಟ್ರೋಲ್ ಸುರಿದು ಹಚ್ಚುವ ಅಭ್ಯಾಸ ಎಲ್ಲಿದ್ದರೂ ಇಂದೇ ನಿಲ್ಲಬೇಕು. ಅದರ ಆವಿ ಹಚ್ಚಿದವರ ಮುಖಕ್ಕೇ ಹೊತ್ತುತ್ತದೆ.

ಹಚ್ಚುವ ಮುನ್ನ ಒಮ್ಮೆ ಸದ್ದು ಮಾಡುತ್ತ ರೇಖೆಯುದ್ದಕ್ಕೂ ನಡೆಯಿರಿ. ಆಮೆ, ಹಾವು, ಮೊಲದ ಮರಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಅಷ್ಟಾದರೂ ಅವಕಾಶ ಸಿಗಲಿ. ಎರಡು ತುದಿಯಿಂದ ಒಟ್ಟಿಗೆ ಹಚ್ಚಿ ನಡುವೆ ಜೀವಗಳನ್ನು ಸಿಕ್ಕಿಸಬೇಡಿ.

ಬೆಂಕಿಯನ್ನು ಬಳಸಿ ಕಾಡು ಕಾಯುವ ತಿಳಿವಳಿಕೆ ಇಲಾಖೆಗಿಂತ ಹಳೆಯದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುನ್ನವೇ ತೆಳು ತರಗಿಗೆ ಇಡುತ್ತಿದ್ದ ಬೆಂಕಿಗೆ ‘ತರಗು ಬೆಂಕಿ’ ಎಂದೇ ಹೆಸರು. ಅದು ನೆಲದ ಮೇಲೇ ಹರಿದು ಆರುತ್ತಿತ್ತು, ದೊಡ್ಡ ಮರಗಳನ್ನು ಮುಟ್ಟುತ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಹಬ್ಬಿದ್ದಕ್ಕೂ ನೆಲ್ಲಿ ಮರಗಳ ಮೇಲೆ ಬಂದಳಿಕೆ ಹೆಚ್ಚಿದ್ದಕ್ಕೂ ಅದು ನಿಂತದ್ದೇ ಕಾರಣವೆಂದು ಸೋಲಿಗರ ಹಿರಿಯರು ಹೇಳುತ್ತಾರೆ. ಇಂದು ಲಂಟಾನ ತುಂಬಿದ ಕಾಡಿನಲ್ಲಿ ಅದೇ ಬೆಂಕಿ ಹಿಂದಿನಂತೆ ತಣ್ಣಗೆ ಉರಿಯಲಾರದು ಎಂಬುದೂ ನಿಜ. ಆದರೂ ರೇಖೆ ಎಲ್ಲಿ, ಯಾವಾಗ ಸುಡಬೇಕೆಂದು ನಿರ್ಧರಿಸುವಾಗ ಹಾಡಿಯ, ಅಂದರೆ ಕಾಡಿನ ಜನರ ಊರಿನ, ಹಿರಿಯರನ್ನು ಕೂರಿಸಿಕೊಂಡು ಕೇಳಿ. ಗಾಳಿ ಯಾವ ಕಣಿವೆಯಲ್ಲಿ ಯಾವ ಹೊತ್ತಿಗೆ ತಿರುಗುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಇಲ್ಲ.

ಫೆಬ್ರವರಿಯ ಗುಡಿಸುವಿಕೆ

ಡಿಸೆಂಬರಿನಲ್ಲಿ ಕನ್ನಡಿಯಂತೆ ಸುಟ್ಟ ರೇಖೆ ಫೆಬ್ರವರಿಗೆ ಮಾಯವಾಗಿರುತ್ತದೆ. ತೇಗ, ಮತ್ತಿ, ದಿಂಡಿಗ, ಹೊನ್ನೆ ಎಲೆ ಉದುರಿಸುವುದು ಆಗಲೇ. ತೇಗದ ಒಂದೊಂದು ಎಲೆಯೂ ಊಟದ ಎಲೆಯಷ್ಟು ಅಗಲ, ಹಪ್ಪಳದಷ್ಟು ಒಣಕಲು. ರೇಖೆಯ ಮೇಲೆ ಅಂಗೈ ದಪ್ಪ ತರಗು ಕೂತಿತೆಂದರೆ ಬೆಂಕಿ ಅದರ ಮೇಲೆ ನಡೆದೇ ದಾಟುತ್ತದೆ. ಜನವರಿ ಕೊನೆಯಿಂದ ಮೊದಲ ಮುಂಗಾರುಪೂರ್ವ ಮಳೆಯ ತನಕ ಹದಿನೈದು ದಿನಕ್ಕೊಮ್ಮೆಯಾದರೂ ಗುಡಿಸಬೇಕು. ಲೀಫ್ ಬ್ಲೋಯರ್ ಇದ್ದರೆ ಒಂದು ದಿನದ ಕೆಲಸ ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಬಿದಿರಿನ ಕಡ್ಡಿ ಪೊರಕೆ. ಇಡೀ ಅಗಲ ಗುಡಿಸಲು ಜನ ಸಾಲದಿದ್ದರೆ ನಡುವಿನ ಎರಡು ಮೀಟರನ್ನಾದರೂ ಬಿಡಬೇಡಿ. ರೇಖೆಗೆ ಹಣ ಬಿಡುಗಡೆಯಾಗುವಾಗಲೇ ಗುಡಿಸುವ ಕೂಲಿಯನ್ನೂ ಸೇರಿಸಿ ಅಂದಾಜು ಪಟ್ಟಿ ಕೊಡಿ. ಅದನ್ನು ಮರೆತ ಬೀಟುಗಳಲ್ಲಿ ಮೊದಲ ಸುತ್ತಿನ ಖರ್ಚೆಲ್ಲ ಮಣ್ಣು ಪಾಲಾಗುತ್ತದೆ.

ಹೊಗೆ ಕಂಡಾಗ

ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಉಪಗ್ರಹಗಳಿಂದ ಬರುವ ಬೆಂಕಿ ಎಚ್ಚರಿಕೆಗಳನ್ನು ನೋಂದಾಯಿಸಿಕೊಂಡವರ ಮೊಬೈಲಿಗೆ ಕಳಿಸುತ್ತದೆ. ಬೀಟಿನ ಎಲ್ಲರೂ ನೋಂದಾಯಿಸಿಕೊಳ್ಳಿ. ಆದರೆ ಅದರ ಮಿತಿ ಗೊತ್ತಿರಲಿ. ಉಪಗ್ರಹದಲ್ಲಿರುವ ವೀರ್ಸ್ (VIIRS) ಎಂಬ ಸಂವೇದಕದ ಒಂದು ಚುಕ್ಕೆ 375 ಮೀಟರ್ ಚೌಕವನ್ನು ಪ್ರತಿನಿಧಿಸುತ್ತದೆ. ಜಿಪಿಎಸ್ ಬಿಂದುವಿಗೆ ಹೋಗಿ ಏನೂ ಇಲ್ಲವೆಂದು ವಾಪಸಾಗದೆ ಸುತ್ತ ಇನ್ನೂರು ಮುನ್ನೂರು ಮೀಟರ್ ಹುಡುಕಬೇಕು. ಆ ಉಪಗ್ರಹ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿಗೆ. ಮೂರು ಗಂಟೆಗೆ ಹುಟ್ಟಿದ ಬೆಂಕಿ ಅದರ ಕಣ್ಣಿಗೆ ಬೀಳುವ ಹೊತ್ತಿಗೆ ಬೆಟ್ಟ ದಾಟಿರಬಹುದು.

ಹಾಗಾಗಿ ವೀಕ್ಷಣಾ ಗೋಪುರದ ಮೇಲಿನ ಮನುಷ್ಯನ ಕಣ್ಣೇ ಮೊದಲ ಎಚ್ಚರಿಕೆ. ಹೊಗೆ ಕಂಡ ಕೂಡಲೆ ದಿಕ್ಸೂಚಿಯಲ್ಲಿ ಡಿಗ್ರಿ ಓದಿ ವೈರ್‌ಲೆಸ್‌ನಲ್ಲಿ ಹೇಳಿ. ಎರಡನೇ ಗೋಪುರದಿಂದಲೂ ಓದಿಸಿ. ನಕ್ಷೆಯ ಮೇಲೆ ಎರಡು ಗೆರೆ ಕೂಡಿದಲ್ಲಿ ಬೆಂಕಿ. ಒಂದು ಡಿಗ್ರಿ ತಪ್ಪಿದರೆ 5 ಕಿಲೋಮೀಟರ್ ದೂರದಲ್ಲಿ 87 ಮೀಟರ್ ತಪ್ಪುತ್ತದೆ, ಅಷ್ಟು ಸಹಿಸಬಹುದು. ಆದರೆ ಕಬ್ಬಿಣದ ಕಟಾಂಜನಕ್ಕೆ ಒರಗಿ ದಿಕ್ಸೂಚಿ ಹಿಡಿದರೆ ಹತ್ತಿಪ್ಪತ್ತು ಡಿಗ್ರಿ ತಪ್ಪಬಹುದು. ಹೊರಗಿನವರು ಹೊಗೆ ಕಂಡರೆ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಲಿ.

ಹೊರಡುವ ಮುನ್ನ ತಂಡದ ಪ್ರತಿಯೊಬ್ಬರ ಮೈಮೇಲೆ ಇರಬೇಕಾದದ್ದು: ಉದ್ದ ತೋಳಿನ ದಪ್ಪ ಹತ್ತಿ ಅಂಗಿ, ಹತ್ತಿ ಪ್ಯಾಂಟು, ಚರ್ಮದ ಬೂಟು, ಚರ್ಮದ ಕೈಗವಸು, ಟೋಪಿ ಅಥವಾ ಹೆಲ್ಮೆಟ್, ಕನ್ನಡಕ. ನೈಲಾನ್ ಜರ್ಸಿ ಕರಗಿ ಚರ್ಮಕ್ಕೆ ಅಂಟುತ್ತದೆ, ಅದನ್ನು ಹಾಕಿ ಬಂದವರನ್ನು ಜೀಪ್ ಹತ್ತಿಸಬೇಡಿ. ಮುಖಕ್ಕೆ ಟವೆಲ್ ಕಟ್ಟುವುದಾದರೆ ಒಣ ಹತ್ತಿಯದ್ದೇ ಇರಲಿ. ಒದ್ದೆ ಬಟ್ಟೆ ತಂಪೆನಿಸಿದರೂ ಬಿಸಿಗಾಳಿಗೆ ಅದರ ನೀರು ಆವಿಯಾಗಿ ಮೂಗು ಗಂಟಲನ್ನು ಬೇಯಿಸುತ್ತದೆ. ತಲೆಗೆ ಐದಾರು ಲೀಟರ್ ಕುಡಿಯುವ ನೀರು, ಓಆರ್‌ಎಸ್, ತಲೆಗೆ ಕಟ್ಟುವ ಟಾರ್ಚ್.

ಇನ್ನು ಸೊಪ್ಪಿನ ಮಾತು. ಹಸಿ ಕೊಂಬೆಯಿಂದ ಬಡಿಯುವುದು ಹಳೆಯ ವಿಧಾನ, ಇಂದಿಗೂ ಕೆಲಸ ಮಾಡುತ್ತದೆ. ಆದರೆ ಫೆಬ್ರವರಿಯ ಒಣಕಾಡಿನಲ್ಲಿ ಹಸಿರೆಲೆ ಸಿಗುವುದು ಹಳ್ಳದ ಬದಿಯ ನೇರಳೆ, ಹೊಂಗೆಗಳಲ್ಲಿ ಮಾತ್ರ. ದಾರಿಯಲ್ಲೇ ಕೊಯ್ದು ಜೀಪಿಗೆ ಹಾಕಿಕೊಳ್ಳಿ, ಅಥವಾ ರಬ್ಬರ್ ಪಟ್ಟಿಯ ಬೀಟರ್ ಒಯ್ಯಿರಿ. ನೀಲಗಿರಿಯ ಎಲೆಯಲ್ಲಿ ಎಣ್ಣೆಯಿದೆ, ಅದು ಬೇಡ. ಕೊಂಬೆಯನ್ನು ಮೇಲೆತ್ತಿ ಬಡಿದರೆ ಕಿಡಿಗಳು ಹಿಂದಿನ ಹುಲ್ಲಿಗೆ ಹಾರುತ್ತವೆ. ಉರಿಯ ಮೇಲೆ ಒತ್ತಿ, ಸುಟ್ಟ ನೆಲದ ಕಡೆಗೆ ಎಳೆಯಬೇಕು. ಒತ್ತು, ಎಳೆ. ಕೈ ಭುಜದ ಮೇಲಕ್ಕೆ ಏಳಬಾರದು.

ಬೆಂಕಿಯ ಎದುರು

ಬೆಂಕಿಗೆ ತಲೆ, ಎರಡು ಪಕ್ಕೆ, ಬಾಲ ಇವೆ. ಗಾಳಿ ಅಥವಾ ಏರು ಎಳೆದೊಯ್ಯುವ ತುದಿಯೇ ತಲೆ. ಹೊಸಬರೆಲ್ಲ ತಲೆಗೆ ನುಗ್ಗಲು ಹೋಗುತ್ತಾರೆ, ಸಾಯುವುದೂ ಅಲ್ಲೇ. ಬಾಲದಲ್ಲಿ, ಸುಟ್ಟು ತಣಿದ ನೆಲದಿಂದ ಅಥವಾ ರಸ್ತೆಯಿಂದ ಆರಂಭಿಸಿ ಪಕ್ಕೆಯನ್ನು ಆರಿಸುತ್ತ ತಲೆಯ ಕಡೆಗೆ ಹೋಗಿ. ಎರಡು ತಂಡಗಳಿದ್ದರೆ ಎರಡು ಪಕ್ಕೆಗೆ. ಒಂದು ಕಾಲು ಯಾವಾಗಲೂ ಕರಿನೆಲದ ಹತ್ತಿರ ಇರಲಿ, ಏನಾದರೂ ಆದರೆ ಒಂದು ಹೆಜ್ಜೆಯಲ್ಲಿ ಒಳಗೆ ಹಾರಬಹುದು.

ಜ್ವಾಲೆ ಎದೆಮಟ್ಟದ ಕೆಳಗೆ, ಅಂದರೆ ಸುಮಾರು 1.2 ಮೀಟರಿನವರೆಗೆ ಇದ್ದರೆ ಕೈಯ ಸಾಧನಗಳಿಂದ ನೇರವಾಗಿ ನಂದಿಸಬಹುದು. ಅದಕ್ಕೂ ಮೇಲೆ ಮನುಷ್ಯನ ಮೈ ತಡೆಯುವುದಿಲ್ಲ, ಹಿಂದೆ ಸರಿದು ಮುಂದಿನ ರೇಖೆಯಲ್ಲಿ ಕಾಯಬೇಕು. ಜೀಪಿನ ನೀರಿನ ಟ್ಯಾಂಕಿನಿಂದ ಸಿಂಪಡಿಸುವಾಗಲೂ ನೀರು ಜ್ವಾಲೆಯ ತುದಿಗಲ್ಲ, ಬುಡಕ್ಕೆ. ಬೆನ್ನಿಗೆ ಹಾಕುವ 16 ಲೀಟರ್ ಪಂಪನ್ನು ಉರಿಯುವ ಕೊಳ್ಳಿ ಮತ್ತು ಬೊಡ್ಡೆಗಳಿಗೆ ಉಳಿಸಿಕೊಳ್ಳಿ. ಲೀಫ್ ಬ್ಲೋಯರ್ ಮೊಣಕಾಲಿನ ಕೆಳಗಿನ ತರಗೆಲೆ ಬೆಂಕಿಗೆ ಅದ್ಭುತ. ಓರೆಯಾಗಿ ಹಿಡಿದು ಉರಿಯುವ ಎಲೆಯನ್ನು ಸುಟ್ಟ ಜಾಗಕ್ಕೆ ತಳ್ಳಬೇಕು. ಎತ್ತರದ ಹುಲ್ಲಿನ ಬೆಂಕಿಗೆ ಅದನ್ನು ತಿರುಗಿಸಿದರೆ ಕಮ್ಮಾರನ ತಿದಿ ಊದಿದ ಹಾಗೆ.

ತಂಡದ ನಾಯಕರು ಬೆಂಕಿಗೆ ಕೈ ಹಾಕದೆ ನಾಲ್ಕನ್ನು ಮಾತ್ರ ನೋಡಿಕೊಳ್ಳಬೇಕು: ಎತ್ತರದಲ್ಲಿ ಒಬ್ಬ ಕಾವಲು, ಎಲ್ಲರಿಗೂ ಕೇಳುವ ವೈರ್‌ಲೆಸ್ ಅಥವಾ ಸೀಟಿ, ತಪ್ಪಿಸಿಕೊಳ್ಳುವ ಎರಡು ದಾರಿ, ಓಡಿ ಸೇರಲು ಬರಿನೆಲ. ಇವುಗಳಲ್ಲಿ ಒಂದು ಇಲ್ಲದಿದ್ದರೂ ತಂಡವನ್ನು ಒಳಗೆ ಕಳಿಸಬಾರದು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಬಳಿ, ಬೆಂಕಿ ನಂದಿಸಲು ಹೋದ ಅರಣ್ಯ ಸಿಬ್ಬಂದಿ ಜೀವ ಕಳೆದುಕೊಂಡರು. 2018ರ ಮಾರ್ಚಿನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಬೆಟ್ಟದ ಹುಲ್ಲಿನ ಬೆಂಕಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ತೀರಿಕೊಂಡರು.

ಆದ್ದರಿಂದ ಇಷ್ಟು ಮಾತ್ರ ಬಾಯಿಪಾಠವಾಗಿರಲಿ. ಕೆಳಗೆ ಬೆಂಕಿ ಇರುವಾಗ ಇಳಿಜಾರಿನ ಮೇಲೆ ಇರಬೇಡಿ. ಕಿರಿದಾದ ಕೊರಕಲಿಗೆ ಇಳಿಯಬೇಡಿ, ಅದು ಒಲೆಯ ಚಿಮಣಿಯಂತೆ ಉರಿಯನ್ನು ಎಳೆಯುತ್ತದೆ. ಬೆಂಕಿಗೂ ನಿಮಗೂ ನಡುವೆ ಸುಡದ ಹುಲ್ಲು ಬಿಟ್ಟುಕೊಂಡು ನಿಲ್ಲಬೇಡಿ. ಹಗಲು ಗಾಳಿ ಕಣಿವೆಯಿಂದ ಮೇಲಕ್ಕೆ, ಕತ್ತಲಾದ ಮೇಲೆ ಕೆಳಕ್ಕೆ ಹರಿಯುತ್ತದೆ, ಸಂಜೆಯ ತಿರುವಿನಲ್ಲಿ ಒಂದರ್ಧ ಗಂಟೆ ಅದನ್ನು ನಂಬಬೇಡಿ. ಬಿದಿರ ಮೆಳೆ ಉರಿಯುವಾಗ ಗೆಣ್ಣು ಸಿಡಿದು ಕೆಂಡ ದೂರ ಹಾರುತ್ತದೆ. ಸಿಕ್ಕಿಕೊಂಡೆವು ಅನಿಸಿದರೆ ಬೆಂಕಿಯ ಮುಂದೆ ಮೇಲಕ್ಕೆ ಓಡದೆ ಪಕ್ಕಕ್ಕೆ ಸರಿಯಿರಿ. ಜ್ವಾಲೆ ಗಿಡ್ಡವಿರುವ ಕಡೆ ಸುಟ್ಟ ನೆಲಕ್ಕೆ ದಾಟಿ. ಹೊಗೆಯಲ್ಲಿ ಆನೆಗಳು ದಿಕ್ಕುಗೆಟ್ಟಿರುತ್ತವೆ. ಅವುಗಳ ಹಾದಿಗೆ ಅಡ್ಡ ಜೀಪ್ ನಿಲ್ಲಿಸಬೇಡಿ.

ಎದುರು ಬೆಂಕಿ ಕೊಡುವುದು, ಅಂದರೆ ರೇಖೆಯಿಂದ ಬೆಂಕಿಯ ತಲೆಯ ಕಡೆಗೆ ನಾವೇ ಹಚ್ಚಿ ನಡುವಿನ ಸೌದೆಯನ್ನು ತೀರಿಸುವುದು, ದೊಡ್ಡ ಬೆಂಕಿಗೆ ಕೊನೆಯ ಉಪಾಯ. ಇದನ್ನು ಓದಿ ಕಲಿಯಲಾಗದು. ಸ್ಥಳದಲ್ಲಿರುವ ವಲಯ ಅರಣ್ಯಾಧಿಕಾರಿ ಹೇಳಬೇಕು, ನಡುವೆ ಜನ ಇಲ್ಲವೆಂದು ಹೆಸರು ಕರೆದು ಎಣಿಸಿರಬೇಕು, ಹಿಂದಿನ ರೇಖೆ ಗುಡಿಸಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಬೆಂಕಿ ಎರಡಾಗುತ್ತದೆ.

ಸುಟ್ಟ ಗಾಯಕ್ಕೆ ಅರಿಶಿನ, ಟೂತ್‌ಪೇಸ್ಟ್, ಇಂಕು ಬೇಡ. ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಅಂಟಿದ ಬಟ್ಟೆ ಕೀಳದೆ, ಶುಭ್ರ ಬಟ್ಟೆ ಮುಚ್ಚಿ 108ಕ್ಕೆ ಕರೆ ಮಾಡಿ. ಬಿಸಿಲಿಗೆ ತಲೆ ತಿರುಗಿ ತಡವರಿಸಿ ಮಾತಾಡುವವರನ್ನು ಆ ಕ್ಷಣವೇ ನೆರಳಿಗೆ ಎಳೆದು ಮೈ ಒದ್ದೆ ಮಾಡಿ, ಅದೂ ಸುಟ್ಟಗಾಯದಷ್ಟೇ ಜೀವಕ್ಕೆ ಅಪಾಯ.

ಬೂದಿ ಕಾಯುವುದು

ಉರಿ ಕಾಣದಾದ ಮೇಲೆ ಜೀಪ್ ಹತ್ತಿ ಹೊರಟುಹೋಗುವುದು ಅತಿ ಸಾಮಾನ್ಯ ತಪ್ಪು. ಮರುದಿನ ಹನ್ನೊಂದರ ಬಿಸಿಲು, ಒಂದು ಗಾಳಿ, ಮತ್ತೆ ಅದೇ ಬೆಂಕಿ. ಸುಟ್ಟ ಅಂಚಿನಿಂದ ಒಳಕ್ಕೆ 20–30 ಮೀಟರ್ ಪಟ್ಟಿಯಲ್ಲಿ ಹೊಗೆಯಾಡುವ ಏನನ್ನೂ ಬಿಡಬಾರದು. ಬೊಡ್ಡೆಯ ಬುಡ ಅಗೆದು, ಕೆಂಡ ಬಿಡಿಸಿ, ನೀರು ಹಾಕಿ ಮಣ್ಣಿನೊಡನೆ ಕಲಸಿ. ಬರಿಯ ಮಣ್ಣು ಮುಚ್ಚಿದರೆ ಒಳಗೆ ಕೆಂಡ ಎರಡು ದಿನ ಬದುಕಿರುತ್ತದೆ. ಆನೆ ಲದ್ದಿ, ಸಗಣಿ ಉಂಡೆಗಳನ್ನು ಒಡೆದು ನೋಡಿ. ಕೊಳ್ಳಿಗಳನ್ನು ಇಳಿಜಾರಿಗೆ ಅಡ್ಡವಾಗಿ ಅಲ್ಲ, ಉರುಳದಂತೆ ಉದ್ದಕ್ಕೆ ತಿರುಗಿಸಿಡಿ. ತಣಿದಿದೆಯೇ ಎಂದು ನೋಡಲು ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ತನ್ನಿ, ಬಿಸಿ ತಾಗದಿದ್ದರೆ ಮಾತ್ರ ಮುಟ್ಟಿ. ಕನಿಷ್ಠ 24 ಗಂಟೆ, ಬಿದಿರು ಮತ್ತು ದೊಡ್ಡ ದಿಮ್ಮಿಗಳಿದ್ದರೆ 48 ಗಂಟೆ, ಇಬ್ಬಿಬ್ಬರು ಪಾಳಿಯಲ್ಲಿ ಅಂಚು ಸುತ್ತಲಿ.

ಅಂಚು ಸುತ್ತುವಾಗಲೇ ಜಿಪಿಎಸ್‌ನಲ್ಲಿ ಟ್ರ್ಯಾಕ್ ಹಾಕಿ ಸುಟ್ಟ ವಿಸ್ತೀರ್ಣ ತೆಗೆಯಿರಿ. ರಿಜಿಸ್ಟರಿನಲ್ಲಿ ಬರೆಯಬೇಕಾದದ್ದು: ಮೊದಲು ಕಂಡ ಹೊತ್ತು, ಕಂಡವರು, ತಂಡ ತಲುಪಿದ ಹೊತ್ತು, ಆರಿದ ಹೊತ್ತು, ಗಾಳಿಯ ದಿಕ್ಕು, ಸುಟ್ಟದ್ದು ಹುಲ್ಲೋ ತರಗೋ ಲಂಟಾನವೋ, ಬೆಂಕಿ ರೇಖೆ ದಾಟಿತೇ, ದಾಟಿದ್ದರೆ ಯಾವ ಜಾಗದಲ್ಲಿ, ಯಾಕೆ. ಹುಟ್ಟಿದ ಜಾಗವನ್ನು ತುಳಿಯುವ ಮೊದಲು ಸುತ್ತ ಹಗ್ಗ ಕಟ್ಟಿ ಫೋಟೊ ತೆಗೆಯಿರಿ. ಬೆಂಕಿಕಡ್ಡಿ, ಬೀಡಿ ತುಂಡು, ಚಪ್ಪಲಿ ಗುರುತು ಸಿಗುವುದು ಅಲ್ಲೇ. ಕಾರಣ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಬರೆಯಿರಿ. ಸುಟ್ಟದ್ದನ್ನು ಕಡಿಮೆ ಮಾಡಿ ಬರೆದ ಬೀಟಿಗೆ ಮರುವರ್ಷ ರೇಖೆಯ ಹಣವೂ ಕಡಿಮೆಯೇ ಬರುತ್ತದೆ.

ಬೆಂಕಿ ದಾಟಿದ ಆ ಜಾಗಗಳನ್ನು ಅಂದೇ ನಕ್ಷೆಯಲ್ಲಿ ಕೆಂಪು ಪೆನ್ಸಿಲಿನಿಂದ ಗುರುತಿಸಿ ಶಿಬಿರದ ಗೋಡೆಗೆ ಅಂಟಿಸಿ. ಅಕ್ಟೋಬರಿನಲ್ಲಿ ಮೊದಲು ನೋಡಬೇಕಾದ ಕಾಗದ ಅದು.